ಒಂದು ಗೆರೆಯಷ್ಟು ಜಾಗ

ನಗರಸಭೆಯವರು ಕಳಿಸಿದ ಅರ್ಜಿಯಲ್ಲಿ
ವೃತ್ತಿ ಎಂಬುದರ ಮುಂದೆ ಬಿಟ್ಟದ್ದು ಒಂದೇ ಗೆರೆಯಷ್ಟು ಜಾಗ.
"ಏನು ಬರೆಯಲಿ ಚಿಕ್ಕಮ್ಮ?" ಎಂದೆ.
ಅರ್ಪೆನಿಕ್ ಒಲೆಯ ಮುಂದೆ ಕಾಫಿ ಉಕ್ಕದಂತೆ ಕಾಯುತ್ತಿದ್ದಳು.
"ಹಿಡಿಸುವಷ್ಟು ಬರೆ."

ಮೊದಲು ಅವಳು ಅಕ್ಷರ ಬರೆಯುವವಳು.
ಕವಿಯಲ್ಲ, ಬೋರ್ಡು ಬರೆಯುವವಳು.
ಗ್ಯುಮ್ರಿಗೆ ಆಗ ಬೇರೆ ಹೆಸರು.
ಅಪ್ಪ ಮಿಹ್ರಾನನ ಆಸ್ತಿ ಎರಡು ಕುಂಚ, ಒಂದು ಏಣಿ,
ಕುಡಿದ ಮರುದಿನ ನಡುಗುವ ಬಲಗೈ.
ಹಾಗಾಗಿ ಹನ್ನೊಂದರ ಹುಡುಗಿ ಏಣಿ ಹತ್ತಿದಳು.
ಷೂ ರಿಪೇರಿ. ಸೀಮೆಎಣ್ಣೆ. ಊಟಕ್ಕೆ ಮುಚ್ಚಿದೆ.
ನಮ್ಮ ಲಿಪಿಯಲ್ಲಿ ರೊಟ್ಟಿಯ ಮೊದಲಕ್ಷರಕ್ಕೆ ಬಾಗಿದ ಹೊಟ್ಟೆ;
ಅದೆಷ್ಟು ದುಂಡಗಿದ್ದರೆ ದಾರಿಹೋಕನಿಗೆ ಹಸಿವಾದೀತು
ಎಂಬುದೇ ಅವಳ ಮೊದಲ ಕಾವ್ಯಪಾಠ.

ಆಮೇಲೆ ಕವಿತೆ. ಕಾಲುಚೀಲದ ಕಾರ್ಖಾನೆಯಲ್ಲಿ
ಲೆಕ್ಕದ ಚೀಟಿಗಳ ಹಿಂಬದಿ, ರಾತ್ರಿಪಾಳಿ.
ಒಂದು ಚೀಟಿ ತಪ್ಪಿ ಉಗ್ರಾಣಕ್ಕೆ ಹೋಯಿತು.
ಉಗ್ರಾಣದ ಮುದುಕ ವಾಘಿನಾಕ್ ಅದರ ಕೆಳಗೆ
"ನಲವತ್ತು ಜೊತೆ ತಲುಪಿತು. ನಾಲ್ಕನೆಯ ಸಾಲು ಬೇಡ"
ಎಂದು ಷರಾ ಹಾಕಿ ಮರಳಿಸಿದ.
ನಿಜಕ್ಕೂ ಬೇಡವಾಗಿತ್ತು, ಅನ್ನುತ್ತಾಳೆ ಈಗಲೂ.
ಅಂಥ ವಿಮರ್ಶಕ ಮತ್ತೆ ಸಿಗಲಿಲ್ಲವಂತೆ.

ಎರಡು ದೋಣಿಗೆ ಕಾಲಿಟ್ಟವಳು, ಅಂದರು ಊರಿನವರು.
ನಮ್ಮ ಹೊಳೆಯಲ್ಲಿ ದೋಣಿ ತೇಲಿದ್ದನ್ನು ಕಂಡವರಾರು?
ಆಚೆ ದಡ ಬೇರೆ ದೇಶ. ಮುಳ್ಳುತಂತಿ.

ಆ ಡಿಸೆಂಬರಿನ ಬಗ್ಗೆ ನಾನು ಬರೆಯಬಾರದು,
ನಾನಿನ್ನೂ ಹುಟ್ಟಿರಲಿಲ್ಲ.
ಅವಳು ಹೇಳುವುದೂ ಇಷ್ಟೇ:
ಬೋರ್ಡುಗಳೆಲ್ಲ ಮುಖ ಮೇಲಾಗಿ ಬಿದ್ದಿದ್ದವು.
ಒಂದಕ್ಷರ ಮಾಸಿರಲಿಲ್ಲ.
ಅಂಗಡಿಗಳಿರಲಿಲ್ಲ.
ಆ ವಾರ ಎಲ್ಲರೂ ಅವಳನ್ನೇ ಹುಡುಕಿ ಬಂದರು
ಪೆಟ್ಟಿಗೆಗಳ ಮೇಲೆ ಹೆಸರು ಬರೆಸಲು.
ವಾಘಿನಾಕನ ಹೊತ್ತಿಗೆ ಬಣ್ಣ ಮುಗಿದಿತ್ತು. ಇದ್ದಿಲಲ್ಲಿ ಬರೆದಳು.
ಅಲ್ಲಿಂದ ಏಳು ವರ್ಷ ಕುಂಚ ಮುಟ್ಟಲಿಲ್ಲ, ಪೆನ್ನೂ.

ಅಕ್ಷರ ಬಿಟ್ಟವಳಿಗೆ ಕ್ಯಾಮೆರಾ ಸಿಕ್ಕಿತು,
ಮದುವೆ ಚಿತ್ರ ತೆಗೆಯುವವನು ಊರು ಬಿಡುವಾಗ
ಒಂದು ಚೀಲ ಆಲೂಗಡ್ಡೆಗೆ ಕೊಟ್ಟುಹೋದದ್ದು.
ತಗಡಿನ ಮನೆ, ಕರೆಂಟಿಲ್ಲದ ಚಳಿಗಾಲ,
ಮಗು ಮೀಯಿಸುವ ಬೋಗುಣಿಯಲ್ಲಿ ರೀಲು ತೊಳೆದಳು.
ಆ ಮಗು ನಾನು. ನನ್ನ ಮೈಗೆ ವರ್ಷವಿಡೀ
ಔಷಧದ ವಾಸನೆಯಿತ್ತೆಂದು ಅಮ್ಮನಿಗೆ ಇಂದಿಗೂ ಕೋಪ.

ಮೊದಲ ಚಿತ್ರ ಹತ್ತೊಂಬತ್ತು ನಿಮಿಷ:
ಎದುರು ಮನೆಯ ಹೆಂಗಸು ಕಂಬಳಿ ಮಡಿಸುತ್ತಾಳೆ,
ಬಿಡಿಸುತ್ತಾಳೆ, ಮಡಿಸುತ್ತಾಳೆ.
ಮನೆಯಲ್ಲಿ ಹೊದೆಯುವವರು ಯಾರೂ ಉಳಿದಿಲ್ಲವೆಂದು
ಚಿತ್ರ ಎಲ್ಲೂ ಹೇಳುವುದಿಲ್ಲ.
ಧ್ವನಿಗೆ ದುಡ್ಡಿರಲಿಲ್ಲ.
ಪರದೆಯ ಪಕ್ಕ ನಿಂತು ತಾನೇ ಮಾತು ಓದಿದಳು,
ಊರಿಗೊಂದು ಬಗೆ, ದಿನಕ್ಕೊಂದು ಬಗೆ.
ಹಾಗೆ, ಹಿಂಬಾಗಿಲಿನಿಂದ, ಕವಿತೆ ಮನೆಗೆ ಬಂತು.

ದೂರದ ಉತ್ಸವವೊಂದರಲ್ಲಿ ಎರಡನೆಯ ಬಹುಮಾನ.
ಅದು ಛಾವಣಿಗಾಯಿತು.
ಅಲ್ಲಿನ ಪುಸ್ತಿಕೆಯಲ್ಲಿ 'ಬಹುಶಿಸ್ತೀಯ ಕಲಾವಿದೆ' ಎಂದಿದ್ದರು.
ಓದಿ ಹೇಳಿದೆ. ಕೆಮ್ಮು ಬರುವಷ್ಟು ನಕ್ಕಳು:
"ಒಂದು ಶಿಸ್ತೂ ಇಲ್ಲದವಳೆಂದು
ಕಾರ್ಖಾನೆಯ ಮೇಸ್ತ್ರಿ ಮೂರು ಸಲ ದೂರು ಬರೆದಿದ್ದ!"

ಕೊನೆಗೆ ಆ ಗೆರೆಯ ಮೇಲೆ ನಾನು 'ನಿವೃತ್ತ' ಎಂದು ಬರೆದೆ.
ಅವಳು ಕಾಗದ ಕಿತ್ತುಕೊಂಡು ಗೋಡೆಗೆ ಒರಗಿಸಿ
ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು.
"ಎಷ್ಟು ಸೊಟ್ಟ ನಿನ್ನ ಅಕ್ಷರ."
ಅಷ್ಟರಲ್ಲಿ ಕಾಫಿ ಉಕ್ಕಿತು.
ಅಷ್ಟರಲ್ಲಿ ಬಾಗಿಲಿಗೆ ಮೂಲೆಯ ಬೇಕರಿಯ ಹುಡುಗ:
ಗಾಳಿಗೆ ಪ್ಲಾಸ್ಟಿಕ್ ಅಕ್ಷರ ಹಾರಿಹೋಗಿದೆಯಂತೆ,
ನಾಳೆಯೊಳಗೆ ಬೋರ್ಡು ಬೇಕಂತೆ.

ಎಪ್ಪತ್ತೆರಡರ ಕಣ್ಣು ಕಿರಿದು ಮಾಡಿ
ಅರ್ಜಿಯನ್ನು ಮಗುಚಿ ಹಾಕಿದಳು.
ಹಿಂಬದಿ ಪೂರಾ ಖಾಲಿ.
ಅಲ್ಲಿ ಪೆನ್ಸಿಲಿನಲ್ಲಿ ಒಂದು ಹೊಟ್ಟೆ.
ಅಳಿಸಿದಳು. ಇನ್ನೊಂದು, ತುಸು ದುಂಡಗೆ.
"ಕಚೇರಿ ಐದಕ್ಕೆ ಮುಚ್ಚುತ್ತದೆ," ಎಂದೆ.
"ಏಣಿಯ ಮೂರನೆಯ ಮೆಟ್ಟಿಲು ಅಲ್ಲಾಡುತ್ತೆ," ಎಂದಳು,
"ಮೊಳೆ ತಾ."