ಪಂಜಿನವನ ದಿನಗೂಲಿ

ಡುಲೂತಿನ ನವೆಂಬರ್.
ಸರೋವರ ಇನ್ನೂ ಹೆಪ್ಪುಗಟ್ಟಿರಲಿಲ್ಲ, ಹಲ್ಲು ಕಡಿಯುತ್ತಿತ್ತು ಅಷ್ಟೆ.
ಆರ್ವಿಡ್ ಹಕಾಲನ ನೆಲಮಾಳಿಗೆ. ಬಟ್ಟೆ ಒಗೆಯುವ ಯಂತ್ರದ ಪಕ್ಕ
ಒಂದು ಕಾಲಿಗೆ ರಟ್ಟು ಮಡಿಸಿಟ್ಟ ಇಸ್ಪೀಟು ಮೇಜು.
ಅದಿರು ಬಂದರಿನ ಪಾಳಿ ಮುಗಿಸಿ ನೆಟ್ಟಗೆ ಬಂದ ಓರಿನ್‌ನ
ಉಗುರಸಂದಿಯಲ್ಲಿ ಕೆಂಧೂಳು.

ಇಪ್ಪತ್ತು ಮುಖದ ದಾಳ. ಅಂಕಿಗಳಿಗೆ ಬಣ್ಣವಿರಲಿಲ್ಲ.
ನಾವೇ ಮೇಣದ ಬಳಪ ತಿಕ್ಕಿ, ಹೆಬ್ಬೆರಳಲ್ಲಿ ಒರೆಸಿ
ಓದಬರುವಂತೆ ಮಾಡಿಕೊಂಡೆವು.
ಮೂಲೆ ಸವೆದು ಗೋಲಿಯಾಗಿತ್ತು ಅದು,
ಯಾರನ್ನು ಎಬ್ಬಿಸಿ ನಿಲ್ಲಿಸಲಿ ಎಂದು
ತರಗತಿಯುದ್ದ ಕಣ್ಣಾಡಿಸುವ ಮೇಷ್ಟರ ಹಾಗೆ
ಉರುಳುತ್ತಿತ್ತು, ಉರುಳುತ್ತಿತ್ತು.

ನನಗೆ ಬಿದ್ದ ಗರ ಮೂರು.
ಮೂರೇ ಮೂರು ಪೆಟ್ಟಿನ ಜೀವ.
ಹಣೆಬರಹ ಪೆನ್ಸಿಲಿನಲ್ಲೇ ಇರಲಿ, ಎಂದ ಆರ್ವಿಡ್,
ರಬ್ಬರು ನನ್ನತ್ತ ನೂಕಿ.

ಮೊದಲ ಪೆಟ್ಟಿಗೆಯ ಬೀಗದೊಳಗೊಂದು ಸೂಜಿ.
ಸೂಜಿಯ ತುದಿ ಹಸಿರು.
ಸತ್ತೆ. ಲೋಟದಲ್ಲಿ ಕೋಕೋ ಇನ್ನೂ ಬಿಸಿಯಿತ್ತು.
ಯಾರೂ ಅಯ್ಯೋ ಅನ್ನಲಿಲ್ಲ.
ಓರಿನ್ ನನ್ನ ಹೆಣದ ಜೇಬು ತಡಕಿ
ಐವತ್ತಡಿ ಹಗ್ಗ, ಎರಡು ಹೊತ್ತಿನ ರೊಟ್ಟಿ
ತನ್ನ ಹಾಳೆಗೆ ಬರೆದುಕೊಂಡ.
‘ಪಂಜು ಹಿಡಿದವನೊಬ್ಬ ಇದ್ದಾನಲ್ಲ, ವೆರ್ನಾ,
ಅವನಾಗು’ ಎಂದಳು ಮಾರ್ಲಿಸ್.
ದಿನಗೂಲಿ ಒಂದು ಬೆಳ್ಳಿ. ಕತ್ತಿಯಿಲ್ಲ. ಹೆಸರಿಲ್ಲ.

ಆದೆ.

ಹಗಲು ನಾನು ನಿರುದ್ಯೋಗ ಕಚೇರಿಯ ನಾಲ್ಕನೇ ಕಿಟಕಿ.
ಯಾರು ಏನೇ ಕೇಳಲಿ, ನನ್ನಲ್ಲಿ ಉತ್ತರ ಮೂರು,
ಮೂರೂ ಅಚ್ಚಾದವು.
ಇಲ್ಲಿ ಆರ್ವಿಡ್ ಪುಸ್ತಕ ಮುಚ್ಚಿ ಕೇಳುತ್ತಾನೆ:
‘ಸರಿ, ಹೇಗೆ ಮಾಡ್ತೀಯ, ಹೇಳು.’
ಹೇಗೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.
ನೆಲಕ್ಕೆ ನೀರು ಸುರಿಯುತ್ತೇನೆ, ಬಿರುಕು ಕುಡಿಯುತ್ತದಾ ನೋಡಲು.
ಹಿಟ್ಟು ತೂರುತ್ತೇನೆ, ಗೋಡೆಗೆ ಉಸಿರಿದೆಯಾ ನೋಡಲು.
ಹತ್ತಡಿ ಕೋಲಿನಿಂದ ಕತ್ತಲನ್ನು ತಿವಿದು
ಅದು ಕಲ್ಲೋ, ಹೊಟ್ಟೆಯೋ ತಿಳಿಯುತ್ತೇನೆ.
ಓಡುತ್ತೇನೆ. ಓಡುವುದಕ್ಕೂ ಅಲ್ಲಿ ಮರ್ಯಾದೆಯಿತ್ತು.

ಒಂದು ಪಂಜು ಒಂದು ಗಂಟೆ.
ಹತ್ತು ನಿಮಿಷಕ್ಕೊಂದು ಗೀಟು ಎಳೆಯುತ್ತಾನೆ ಆರ್ವಿಡ್,
ಆರನೆಯ ಗೀಟಿಗೆ ತಲೆಯೆತ್ತಿ
ನನ್ನನ್ನು ನೋಡುತ್ತಾನೆ.
ಯೋಧ, ಮಂತ್ರವಾದಿ, ಎಲ್ಲರೂ ನನ್ನನ್ನು ನೋಡುತ್ತಾರೆ.
ಇನ್ನೊಂದಿದೆ, ಎನ್ನುತ್ತೇನೆ.
ಆಹಾ, ಆ ನಿಟ್ಟುಸಿರು.

ಫೆಬ್ರವರಿಯಲ್ಲಿ ಬಂದರು ನೂರಿಪ್ಪತ್ತು ಜನರನ್ನು ಮನೆಗೆ ಕಳಿಸಿತು.
ಮಂಗಳವಾರ ಓರಿನ್ ನನ್ನ ಕಿಟಕಿಗೆ ಬಂದ,
ಟೋಪಿ ಕೈಯಲ್ಲಿ. ಉಗುರು ಅಷ್ಟು ಚೊಕ್ಕಟ ಇದ್ದದ್ದನ್ನು
ನಾನು ಕಂಡಿರಲಿಲ್ಲ.
ಅರ್ಜಿ ತಳ್ಳಿದ. ಎರಡನೇ ಉತ್ತರ ಕೊಟ್ಟೆ.
‘ಹೇಗೆ ಮಾಡ್ತೀಯ?’ ಬಾಯಿತುದಿಗೆ ಬಂತು,
ಸಾಲಿನಲ್ಲಿ ಹಿಂದೆ ಮೂವತ್ತು ಜನ.
ಮುದ್ರೆ ಒತ್ತಿದೆ.

ಶುಕ್ರವಾರ ಬರಲಾರ ಅಂದುಕೊಂಡೆವು. ಬಂದ.
ಮೆಟ್ಟಿಲಲ್ಲಿ ಬೂಟಿನ ಹಿಮ ಕೊಡವಿ,
ಹಾಳೆ ಬಿಡಿಸಿ, ಮೊದಲ ಕೆಲಸವೆಂದರೆ
ರಬ್ಬರು ತಗೊಂಡ. ತನ್ನ ನಾಲ್ಕು ಬೆಳ್ಳಿ ಅಳಿಸಿ
ಮೂರು ಎಂದು ಬರೆದ.
‘ಪಂಜಿನವನ ಕೂಲಿ’ ಎಂದ,
ನನ್ನ ಮುಖ ನೋಡದೆ.
ಮಾರ್ಲಿಸ್ ದಾಳ ಕುಲುಕುತ್ತಲೇ ಇದ್ದಳು,
ಬಹಳ ಹೊತ್ತು, ಎಸೆಯದೆ.

ಆ ಗುಹೆಯ ತಳ ನಾವು ಮುಟ್ಟಲಿಲ್ಲ.
ಓರಿನ್ ಬೇಸಿಗೆಗೆ ಟುಲ್ಸಾಗೆ ಹೋದ,
ಆರ್ವಿಡ್‌ನ ಹೆಂಡತಿಗೆ ನೆಲಮಾಳಿಗೆ ಬೇಕಾಯಿತು.
ಚೌಕುಳಿ ಕಾಗದದ ನಕ್ಷೆ ಯಾರಲ್ಲಿದೆಯೋ.

ಪಂಜಿನವನ ಹಾಳೆ ಮಾತ್ರ ನನ್ನಲ್ಲಿದೆ.
ಪ್ರಾಣ ಬರೆಯುವ ಚೌಕವನ್ನು ಅಳಿಸಿ ಬರೆದು ಅಳಿಸಿ
ಕಾಗದ ತೂತುಬಿದ್ದಿದೆ;
ದೀಪಕ್ಕೆ ಹಿಡಿದರೆ ಅಷ್ಟಗಲ ಬೆಳಕು.
ಅವನಿಗೆ ಹೆಸರಿಡುವುದು
ನಮಗೆ ಮರೆತೇ ಹೋಗಿತ್ತು.