ಎರಡರಿಂದ ಎಂಟು

ಮುಂಜಾನಿಗೊಮ್ಮೆ, ಸಂಜಿಗೊಮ್ಮೆ
ಫ್ರಿಜ್ಜಿನ ಮೈ ಮುಟ್ಟಿ ನೋಡಿ ಬರಕೋಬೇಕು.
ಎರಡಕ್ಕಿಂತ ಕೆಳಗ ಇಳೀಬಾರದು,
ಎಂಟರ ಮ್ಯಾಲ ಏರಬಾರದು.
ಹೊರಗ ಯಾದಗಿರಿ ನಲವತ್ನಾಕರಾಗ ನಿಂತದ,
ಸ್ಟೇಷನ್ ರೋಡಿನ ಡಾಂಬರು
ಚಪ್ಪಲಿ ಹಿಡಕೊಂಡು ಬಿಡವಲ್ದು.
ನಾನು ಲಸಿಕಿ ಖೋಲಿಯಾಕಿ, ಹನ್ನೊಂದು ವರ್ಷಾತು.
ಊರಾಗಿನ ಥಂಡಿ ಎಲ್ಲ
ನನ್ನ ಸೊಂಟದ ಕೀಲಿಕೈಯಾಗ ಅದ.

ಹೋದ ಫೆಬ್ರುವರಿಯಾಗ ಎಂಟು ದಿನ ರಜಾ ಕೇಳಿದೆ.
ಕಾರಣ ಅಂಬೋ ಜಾಗದಾಗ
'ಬರ್ಫ್ ನೋಡ್ಲಿಕ್ಕೆ' ಅಂತ ಬರದು, ಹೊಡದಹಾಕಿ,
'ಮನಿ ಕೆಲಸ' ಅಂದೆ.
ಸಾಹೇಬರು ಸಹಿ ಮಾಡೋ ಮುಂದ
ಹೊಡದಹಾಕಿದ್ದನ್ನೇ ಓದಿ ನಕ್ಕರು.

ತಸ್ಲೀಮಾ, ಔಷಧ ಖೋಲಿಯಾಕಿ, ನನ್ನ ಜೋಡಿ.
ಎರಡು ತಿಂಗಳು ಮುಂಜಾನಿ ಐದಕ್ಕ
ಕಿಲ್ಲಾ ಗುಡ್ಡ ಹತ್ತಿದ್ವಿ,
ಬೆನ್ನ ಮ್ಯಾಲ ಐದೈದು ಕಿಲೋ ಜ್ವಾಳ.
ತೋಪಿನ ಹತ್ರ ಕುಂತು ದಮ್ಮು ತಗೊಳ್ಳೋವಾಗ
ಕೆಳಗ ಮುಂಬೈ ಗಾಡಿ
ಯಾರ್ಯಾರದೋ ನಿದ್ದಿ ಹೊತ್ಕೊಂಡು ಹೋಗ್ತಿತ್ತು.
ಆಡು ಕಾಯೋ ಮುದುಕ ಕೇಳಿದ:
'ಜ್ವಾಳ ಮ್ಯಾಲಕ್ಕ್ಯಾಕ ಒಯ್ತೀರವ್ವಾ?
ಗಿರಣಿ ಕೆಳಗದಲ್ಲ.'
ಉಣ್ಣಿ ಸಾಕ್ಸ್ ಕೊಡ್ರಿ ಅಂದ್ರ
ಚೌಕಿನ ಅಂಗಡಿಯಾಂವ
ಮಾತಾಡಲಾರದ ಫ್ಯಾನ್ ತೋರಿಸಿದ.

ಆಮ್ಯಾಲ ಅದು.
ಹ್ಯಾಂಗ ಹೇಳ್ಲಿ.
ಹತ್ತಿ ಹೊಲದಂಗ ಅದ ಅಂದಳು ತಸ್ಲೀಮಾ.
ಹತ್ತಿ ಹಿಂಗ ಕಾಲು ಕಚ್ತದೇನು?
ಮೊಣಕಾಲ ತನಕ ಇಳದು
ಎದ್ದೇಳೋ ಮನಸಿಲ್ಲದ ಹಂಗೇ ಬಿದ್ದಕೊಂಡೆ.
ಮೂಗು ಯಾರದೋ ಆಗಿತ್ತು.
ನಾಲಿಗಿ ಚಾಚಿ ಗುಡ್ಡದ ಅಂಚು ನೆಕ್ಕಿದೆ:
ಏನೂ ರುಚಿ ಇಲ್ಲ,
ಏನೂ ಇಲ್ಲದ್ದು ಇಷ್ಟು ರುಚಿ ಇರ್ತದಂತ ಗೊತ್ತಿದ್ದಿಲ್ಲ.

ಖಡಕ್ ರೊಟ್ಟಿ ಬಿಚ್ಚಿದ್ವಿ.
ಶೇಂಗಾ ಹಿಂಡಿ ಚೆಲ್ಲಿ
ಬರ್ಫಿನ ಮ್ಯಾಲ ಕೆಂಪಗ
ನಮ್ಮೂರಿನ ನಕಾಶಿ ಬಿತ್ತು.
ದಾರಿ ತೋರಿಸೋ ಹುಡುಗ ಪದಮ್
ಒಂದು ಚಿಟಿಕಿ ನೆಕ್ಕಿ
ನೀರು, ನೀರು ಅಂತ ಕುಣದ.
ಸುತ್ತ ಮುತ್ತ ಎಲ್ಲ ನೀರೇ,
ಗಟ್ಟಿಯಾಗಿ ಕುಂತು ನಮ್ಮನ್ನ ನೋಡ್ತಿತ್ತು.

ತುದಿ ಮುಟ್ಟಿದ್ವಿ.
ಐದು ದಿನ ಸತ್ತಂಗಿದ್ದ ಫೋನು
ಎಲ್ಲಿಂದೋ ಎರಡು ಗೆರಿ ಹಿಡಕೊಂಡು ಬಡಕೊಂಡಿತು:
'ಮೇಡಂ, ನಾ ಮೌನೇಶ. ಕರೆಂಟ್ ಹೋಗಿ ನಾಕು ತಾಸಾತು,
ಜನರೇಟರ್ ಏಳವಲ್ದು, ಏನ್ ಮಾಡ್ಲಿ?'
'ಮುಚ್ಚಳ ತೆರೀಬ್ಯಾಡೋ!' ಒದರಿದೆ,
'ಥಂಡಿ ಹೊರಗ ಹೋಗ್ತದ!'
ಕಣಿವಿ ಅದನ್ನ ಹಿಡದು ತಿರುಗಿ ಒಗೀತು:
ಹೋಗ್ತದ… ಹೋಗ್ತದ…
ತಸ್ಲೀಮಾ ನಕ್ಕು ನಕ್ಕು
ಬರ್ಫಿನಾಗ ಕುಂತೇಬಿಟ್ಟಳು.
ನನಗ ಮಾತ್ರ ಆ ಫ್ರಿಜ್ಜಿನದೇ ಚಿಂತಿ, ಅರ್ಧ ತಾಸು.

ಇವತ್ತು ಗುರುವಾರ.
ತಾಂಡಾಕ್ಕ ಹೋಗೋ ಡಬ್ಬಿ ತುಂಬಬೇಕು.
ಫ್ರೀಜರಿನಿಂದ ತಗದ ಐಸ್ ಪ್ಯಾಕ್
ಮೇಜಿನ ಮ್ಯಾಲ ಸಾಲಾಗಿ ಮೊದಲು ಬೆವರಬೇಕು,
ಗಡಿಬಿಡಿ ಮಾಡಿದ್ರ ಲಸಿಕಿ ಹೆಪ್ಪುಗಟ್ಟಿ ಸಾಯ್ತದ.
ಒಂದೊಂದೇ ಕಿವಿ ಹತ್ರ ಹಿಡದು ಅಲಗಾಡಿಸ್ತೀನಿ,
ಒಳಗ ನೀರು ಕುಲುಕೋ ಸಪ್ಪಳ ಬರೋತನ.
'ಅಕ್ಕೋರ, ಅದು ಯಾವಾಗೋ ಆಗ್ಯದ,
ಇನ್ನಾ ಏನ್ ಕೇಳ್ತೀರಿ?' ಹೊಸ ನರ್ಸ್ ಹುಡುಗಿ.

ಬರ್ಫಿನ ಹೊಟ್ಟ್ಯಾಗ ಕಾಣದಂಗ ಹರಿಯೋ ಹಳ್ಳ ಒಂದಿತ್ತು,
ಪದಮ್ ನಮ್ಮನ್ನ ಮಲಗಿಸಿ, ಕಿವಿ ಹಚ್ಚಿಸಿ ಕೇಳಿಸಿದ್ದ.
ಇದೇ ದನಿ.
ಒಂದು ಗಳಿಗಿ, ಹೆಚ್ಚಿಲ್ಲ.
ಮುಚ್ಚಳ ಒತ್ತಿ, ಬೆಲ್ಟು ಬಿಗದು
ಮೌನೇಶನ ಗಾಡಿಗಿ ಕಟ್ಟಿ ಕಳಸ್ತೀನಿ.

ಚಾರ್ಟಿನಾಗ ಪೆನ್ನಿಲೆ ಬರದೆ: ನಾಕು ಡಿಗ್ರಿ.
ಬಾಜೂಕ, ಪೆನ್ಸಿಲಿನಿಲೆ ಸಣ್ಣಗ,
ಉಳದ ರಜಾ: ಆರು.
ಔಷಧ ಖೋಲಿಯಿಂದ ತಸ್ಲೀಮಾ ಒದರ್ತಾಳ:
'ನಾಳಿ ಐದಕ್ಕ ಬಾ.
ಈ ಸಲ ಏಳು ಕಿಲೋ.'