ದೊರೆಸಾನಿ

ಜೀನ್ಸಿನ ಸೈಜು ಬರೆಯುವ ರಟ್ಟಿನ ಹಿಂಬದಿಗೆ
ಹುಲಿಗೆಮ್ಮ ಗೀಚಿಟ್ಟು ಹೋಗಿದ್ದಳು:
ಕಡಲೆ ನೆನೆಹಾಕು.
ಹಸಿಮೆಣಸಿನಕಾಯಿ ಎರಡು, ಮೂರು ಬೇಡ.
ಮಿರ್ಚಿ ಕೇಳಿದರೆ ಕೊಡಬೇಡ. ಕೇಳುತ್ತದೆ.
ಪಂಜರ ಬೀದಿಗೆ ಕಾಣದ ಹಾಗಿಡು,
ಅರಣ್ಯದವರು ಬಂದರೆ
ಹೋದ ವರ್ಷವೇ ಹಾರಿಹೋಯ್ತು ಅನ್ನು.
ಕೊನೆಗೆ, ಸಣ್ಣಕ್ಷರದಲ್ಲಿ:
ಅದು ಏನಂದರೂ ಕಿವಿಗೆ ಹಾಕ್ಕೋಬೇಡ.

ತಂಗಿಯ ಬಾಣಂತನಕ್ಕೆ ಆದೋನಿಗೆ ಅವಳು,
ಹತ್ತನೇ ಕ್ಲಾಸಿನ ಕನ್ನಡ ಪೇಪರು ತಿದ್ದಲು ಬಳ್ಳಾರಿಗೆ ನಾನು.
ಹನ್ನೆರಡು ದಿನ
ಕೌಲ್ ಬಜಾರಿನ ಎರಡು ಕೋಣೆಯಲ್ಲಿ
ಒಂದು ಹೊಲಿಗೆ ಮಷಿನ್ನು,
ಮಂಡಿವರೆಗೆ ಹೊಲಿದು ಬಿಟ್ಟ ಪ್ಯಾಂಟುಗಳ ರಾಶಿ,
ಮತ್ತು ದೊರೆಸಾನಿ.

ಎರಡು ದಿನ ನನಗೆ ಬೆನ್ನು ತೋರಿಸಿಯೇ ಕೂತಿತ್ತು.
ಮೂರನೆಯ ಬೆಳಗ್ಗೆ ಹೊಲಿಯತೊಡಗಿತು:
ಟರ್ರ್‌ರ್‌,
ದಾರ ಕಚ್ಚಿ ಹರಿದ ಸಣ್ಣ ಸದ್ದು,
ಮತ್ತೆ ಟರ್ರ್‌ರ್‌.
ಎದ್ದುಹೋಗಿ ಮಷಿನ್ನಿನ ಪ್ಲಗ್ಗು ಕಿತ್ತೆ.
ಅದು ಹೊಲಿಯುತ್ತಲೇ ಇತ್ತು.

ಕೋಟೆಯ ಬಂಡೆ ಹಗಲಿಡೀ ಕುಡಿದ ಬಿಸಿಲನ್ನು
ಸಂಜೆ ಊರ ಮೇಲೆ ಕಾರುವ ಏಪ್ರಿಲ್ಲು.
ಪೇಪರನ್ನು ಸೆಂಟರಿನಾಚೆ ತರುವಂತಿಲ್ಲ,
ಬಾಯಿ ಮಾತ್ರ ತಂದುಬಿಡುತ್ತದೆ:
ಅನ್ನ ಕಲಸುತ್ತ, ಬಚ್ಚಲು ತೊಳೆಯುತ್ತ
ಅರ್ಧ ಕೊಡೋಣ, ಅರ್ಧ ಕೊಡೋಣ.
ಐದನೆಯ ದಿನಕ್ಕೆ ದೊರೆಸಾನಿಯದೂ ಧಾರಾಳ ಕೈ.
ಹಲ್ಲಿಗೆ ಅರ್ಧ, ಕುಕ್ಕರಿಗೆ ಅರ್ಧ,
ಚಿಲ್ಲರೆ ಇಲ್ಲವೆಂದ ಹಾಲಿನವನಿಗೂ ಅರ್ಧ.

ರಾತ್ರಿ ಮುಚ್ಚಲು ಜೀನ್ಸಿನ ಗವುಸು, ಅವಳೇ ಹೊಲಿದದ್ದು,
ಅದಕ್ಕೊಂದು ಜೇಬು,
ಜೇಬಿನಲ್ಲಿ ನಾಕು ಕಡಲೆ.
ಎಂಟೂವರೆಯ ಸುಮಾರಿಗೆ
ಬೀದಿಯಲ್ಲಿ ಯಾವುದಾದರೊಂದು ಬೈಕು ನಿಧಾನಿಸಿದರೆ ಸಾಕು,
ಗವುಸಿನೊಳಗಿಂದ ಹುಲಿಗೆಮ್ಮನ ದನಿ:

‘ಬಂದ್ಯಾ?’

ಬೈಕು ಮುಂದೆ ಹೋಗುತ್ತದೆ.
ಒಂದಷ್ಟು ಮೌನ.

‘ಇರ್ಲಿ ಬಿಡು.’

ಮಾತಿನ ಜೊತೆ ಆ ಮೌನವನ್ನೂ ಕಲಿತಿತ್ತು ಹಕ್ಕಿ,
ದಿನಾ ಅಷ್ಟೇ ಉದ್ದ,
ಟೇಪು ಹಿಡಿದು ಕತ್ತರಿಸಿದ ಹಾಗೆ.

ಹಾಸ್ಟೆಲಿನಲ್ಲಿ ಮೂರು ವರ್ಷ
ನಮ್ಮಿಬ್ಬರಿಗೂ ಒಂದೇ ಬಕೀಟು.
ಅವಳ ಮುಟ್ಟಿನ ತಾರೀಕು ಗೊತ್ತಿತ್ತು, ಸಾಲದ ಲೆಕ್ಕ ಗೊತ್ತಿತ್ತು,
ನೋಯುವ ಹಲ್ಲು ಯಾವ ಕಡೆಯದೆಂದು ಗೊತ್ತಿತ್ತು.
ಇದು ಗೊತ್ತಿರಲಿಲ್ಲ.
ಕಿವಿಗೆ ಹಾಕ್ಕೋಬೇಡ ಅಂದಿದ್ದಾಳೆ, ಸರಿ,
ಕಿವಿಗೆ ಚಿಲಕ ಎಲ್ಲಿದೆ ಹೇಳು?

ಒಂಬತ್ತನೆಯ ರಾತ್ರಿ ಕರೆಂಟು ಹೋಗಿತ್ತು.
ಬೈಕು ನಿಧಾನಿಸಿತು.
ಬಂದ್ಯಾ? ಅಂತು.
ಆ ಮೌನ ಶುರುವಾದದ್ದೇ ತಡೆಯಲಾಗದೆ
ಕತ್ತಲಿಗೆ ಅಂದೆ: ‘ಬಂದೆ.’

ಗವುಸಿನ ಜೇಬು ಅಲುಗಿತು.
ಕಾಲು ಬದಲಿಸಿತು, ಮತ್ತೆ ಬದಲಿಸಿತು.
ಇರ್ಲಿ ಬಿಡು ಬರಲೇ ಇಲ್ಲ.
ಉಳಿದ ಮೂರೂ ರಾತ್ರಿ ಹಾಗೇ ಅಂದೆ.
ಸರಿಯೋ ತಪ್ಪೋ,
ಬೇಕಾದರೆ ಅರ್ಧ ಕೊಡಿ.

ನಿನ್ನೆ ಗಂಗಾವತಿಗೆ ಅವಳ ಫೋನು.
‘ಏನು ಕಲಿಸಿದ್ಯೇ ನನ್ನ ಗಿಣಿಗೆ?
ದಾರ ತುಂಡಾದ್ರೂ ಅರ್ಧ ಕೊಡೋಣ ಅಂತೈತಿ!’
ನಕ್ಕಳು. ನಕ್ಕೆ.
‘ಇನ್ನೊಂದೂ ಅಂತೈತಿ’ ಅಂದಳು.
ಹಿಂದೆ ಮಷಿನ್ನು ನಿಂತಿತು,
ಅಥವಾ ದೊರೆಸಾನಿ ನಿಲ್ಲಿಸಿತು, ಯಾರಿಗೆ ಗೊತ್ತು.
‘ಮೊನ್ನೆ ಬಂದ್ಯಾ ಅಂತು. ತಾನೇ ಬಂದೆ ಅಂತು.
ನಿನ್ನ ದನಿ ಅಂತ ತಿಳಿಯೋದ್ರಾಗ
ಎದ್ದು ಹೋಗಿ ಬಾಗ್ಲ ತಗದಿದ್ದೆ.’

ಆಮೇಲೆ? ಅಂದೆ.

ಆ ಮೌನ. ಅದೇ ಅಳತೆ.
ಮುಂದಿನ ಎರಡು ಶಬ್ದ ನನಗೆ ಬಾಯಿಪಾಠ,
ಫೋನು ಕಿವಿಗೊತ್ತಿ ಕಾದೆ.

‘ಗಾಳಿ ಬಂತು’ ಅಂದಳು ಹುಲಿಗೆಮ್ಮ.
‘ಭಾಳ ದಿನ ಆಗಿತ್ತು ನೋಡು,
ಆ ಬಾಗ್ಲಾಗ ಗಾಳಿ ಬಂತು.’